ಡಬ್ಬದೊಳಗಿನ ಹೊಲ

ನಮ್ಮ ಕುಂದಾಪುರದ ಕಡೆಯವನೊಬ್ಬ ಮನೆಯಲ್ಲಿ ಮೀನು ಸಾಕಿದ್ದಾನೆ ಅಂದರೆ ಊರಿನವರಿಗೆ ಮೊದಲು ನಗು ಬರುತ್ತದೆ. ಆಮೇಲೆ "ಎಷ್ಟು ಉದ್ದ ಆದ ಮೇಲೆ ಮಾರಾಯಾ?" ಅಂತ ಕೇಳುತ್ತಾರೆ. ಮುಂಬೈಗೆ ಬಂದ ಹೊಸದರಲ್ಲಿ, ಮರೀನ್ ಡ್ರೈವಿನಲ್ಲಿ 1951ರಲ್ಲಿ ಶುರುವಾದ ತಾರಾಪೊರವಾಲಾ ಮತ್ಸ್ಯಾಲಯಕ್ಕೆ ಹೋದಾಗ ನನಗೂ ಹಾಗೇ ಅನಿಸಿತ್ತು. ಗಾಜಿನ ಆಚೆ ಈಜುತ್ತಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ಬಾಣಲೆಗೆ ಹಾಕಿಕೊಂಡು ಬಂದಿದ್ದೆ. ಇರಲಿ. ಮಗಳ ಹಟಕ್ಕೆ 2001ರಲ್ಲಿ ಕುರ್ಲಾದ ನಮ್ಮ ಎರಡನೇ ಮಹಡಿಯ ಮನೆಗೆ ನಾಲ್ಕಡಿಯ ಒಂದು ಗಾಜಿನ ತೊಟ್ಟಿ ಬಂತು, ಅದರೊಳಗೆ ಎರಡು ಆಸ್ಕರ್ ಮರಿಗಳೂ ಬಂದವು. ದೊಡ್ಡದಕ್ಕೆ ಮಗಳು ಗುಂಡ ಅಂತ ಹೆಸರಿಟ್ಟಳು.

ಆಸ್ಕರ್ ಮೀನು ತಿನ್ನುವುದೂ ಜಾಸ್ತಿ, ಹೇಲುವುದೂ ಜಾಸ್ತಿ. ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಅನ್ನುತ್ತಿದ್ದ ಸಣ್ಣ ಸ್ಪಂಜಿನ ಫಿಲ್ಟರು ಆರು ತಿಂಗಳಿಗೇ ಕೈ ಎತ್ತಿತು. ಆಗ ತಂದದ್ದು ಕ್ಯಾನಿಸ್ಟರ್ ಫಿಲ್ಟರು. ನೋಡದವರಿಗೆ ಹೇಳಬೇಕೆಂದರೆ, ಅದು ಬಾಯಿ ಬಿಗಿದ ಒಂದು ದೊಡ್ಡ ಡಬ್ಬ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂತಿರುತ್ತದೆ. ಒಂದು ಪೈಪಿನಲ್ಲಿ ನೀರು ತನ್ನ ಭಾರದಿಂದಲೇ ಕೆಳಗಿಳಿದು ಡಬ್ಬ ತುಂಬುತ್ತದೆ, ಸ್ಪಂಜು ಮತ್ತು ಪಿಂಗಾಣಿ ಬಳೆಗಳ ನಡುವೆ ಹಾದು, ತಲೆಯ ಮೇಲಿನ ಮೋಟಾರಿನಿಂದ ಇನ್ನೊಂದು ಪೈಪಿನಲ್ಲಿ ವಾಪಸ್ ಮೇಲೇರುತ್ತದೆ. ನಾನು ಅದನ್ನು ಒಂದು ಜರಡಿ ಅಂತಲೇ ತಿಳಿದಿದ್ದೆ. ಹಿಟ್ಟು ಜರಡಿ ಹಿಡಿದ ಹಾಗೆ ನೀರು ಜರಡಿ ಹಿಡಿಯುತ್ತದೆ, ಅಷ್ಟೇ. ಈ ತಿಳುವಳಿಕೆಗೆ ನಾನು ಬೆಲೆ ಕೊಟ್ಟದ್ದು 2005ರ ಜುಲೈಯಲ್ಲಿ.

ಜುಲೈ 26ರ ಮಳೆಯನ್ನು ಮುಂಬೈಯಲ್ಲಿದ್ದವರಿಗೆ ವಿವರಿಸುವ ಅಗತ್ಯ ಇಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಬಿತ್ತು. ಫೋರ್ಟಿನ ಆಫೀಸಿನಲ್ಲಿ ಮೇಜಿನ ಮೇಲೆ ಮಲಗಿ, ಮರುದಿನ ನಡೆದುಕೊಂಡು ನಾನು ಮನೆ ಮುಟ್ಟುವಾಗ ಕತ್ತಲಾಗಿತ್ತು. ಕರೆಂಟು 26ರ ಮಧ್ಯಾಹ್ನವೇ ಹೋಗಿತ್ತಂತೆ. ಹೆಂಡತಿ ಮೊಂಬತ್ತಿ ಹಚ್ಚಿಟ್ಟುಕೊಂಡು ತೊಟ್ಟಿಯ ಪಕ್ಕ ಸ್ಟೂಲ್ ಹಾಕಿ ಕೂತಿದ್ದಳು. ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತೆಗೆದು ಒಂದು ಮೊಳ ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುರಿಯುವುದು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು, ಗಾಳಿ ಸಾಲದು ಅಂತ ಅನಿಸಿತು, ಅದಕ್ಕೆ ಹೀಗೆ ಮಾಡಿದೆ ಅಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಎರಡೂ ಮೀನು ಬದುಕಿದ್ದವು.

28ರ ಬೆಳಿಗ್ಗೆ ಕರೆಂಟು ಬಂತು. ನಾನು ಓಡಿಹೋಗಿ ಮೊದಲು ಮಾಡಿದ ಕೆಲಸ ಫಿಲ್ಟರಿನ ಸ್ವಿಚ್ಚು ಹಾಕಿದ್ದು. ಪೈಪಿನಿಂದ ಮೊದಲು ಬಂದ ನೀರು ಕಂದಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು. ಎರಡು ದಿನ ನಿಂತ ನೀರಲ್ಲವೇ, ಈಗ ಸರಿಹೋಗುತ್ತದೆ ಅಂದುಕೊಂಡು ಸ್ನಾನಕ್ಕೆ ಹೋದೆ. ಮಧ್ಯಾಹ್ನದೊಳಗೆ ಗುಂಡ ಮಗುಚಿ ಬಿದ್ದಿದ್ದ. ಸಂಜೆಗೆ ಇನ್ನೊಂದೂ ಹೋಯಿತು. ಹೆಂಡತಿ ಏನೂ ಅನ್ನಲಿಲ್ಲ. ಚೊಂಬು ತೊಳೆದು ಅಡುಗೆಮನೆಯಲ್ಲಿ ಇಟ್ಟಳು.

ಕರೆಂಟು ಇಲ್ಲದ 40 ಗಂಟೆ ಬದುಕಿದ ಮೀನು ಕರೆಂಟು ಬಂದ ಮೇಲೆ ಸಾಯುವುದೇಕೆ? ನಾನು ಓದಿದ್ದು ಬಿ.ಕಾಂ., ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನು ಹೋಗಿ ನಿಂತದ್ದು 1849ರ ಲಂಡನ್ನಿನಲ್ಲಿ.

ಅಲ್ಲಿ ರಾಬರ್ಟ್ ವಾರಿಂಗ್‌ಟನ್ ಅಂತ ಒಬ್ಬ ರಸಾಯನಶಾಸ್ತ್ರಜ್ಞ, ಔಷಧಿ ತಯಾರಕರ ಸಂಘದಲ್ಲಿ ಕೆಲಸ. ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಅರ್ಧ ನೀರು ತುಂಬಿ, ಮರಳು ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಗೋಲ್ಡ್‌ಫಿಶ್ ಬಿಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ, ಹಾಗಾದರೆ ನೀರು ಬದಲಿಸುವ ಕೆಲಸವೇ ಇಲ್ಲ ಅನ್ನುವುದು ಅವನ ಲೆಕ್ಕ. ಲೆಕ್ಕ ಪೂರ್ತಿ ಸರಿಯಾಗಲಿಲ್ಲ. ಗಿಡದ ಎಲೆ ಕೊಳೆತು ನೀರು ಕೆಟ್ಟಿತು. ಆಗ ಅವನು ಕೊಳದ ಬಸವನಹುಳು ತಂದು ಬಿಟ್ಟ, ಅವು ಕೊಳೆತದ್ದನ್ನು ತಿಂದವು, ಪಾತ್ರೆ ನಿಂತಿತು. 1850ರಲ್ಲಿ ಕೆಮಿಕಲ್ ಸೊಸೈಟಿಗೆ ಇದನ್ನು ವರದಿ ಮಾಡಿದ. ನಮ್ಮ ಅಜ್ಜಿಗೆ ಹೇಳಿದ್ದರೆ "ಇದರಲ್ಲಿ ಏನುಂಟು, ನಮ್ಮ ಬಾವಿಗೆ ಮೀನು ಬಿಟ್ಟಿಲ್ಲವೋ?" ಅನ್ನುತ್ತಿದ್ದಳು. ಆದರೆ ಅಜ್ಜಿ ವರದಿ ಬರೆಯಲಿಲ್ಲ. 1854ರಲ್ಲಿ ಫಿಲಿಪ್ ಗೋಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಅನ್ನುವ ಪದ ಜನರ ಬಾಯಿಗೆ ಬಂತು, ಇಂಗ್ಲೆಂಡಿಗೆ ತೊಟ್ಟಿಯ ಹುಚ್ಚು ಹಿಡಿಯಿತು.

ಹುಚ್ಚು ಬಹಳ ವರ್ಷ ಇರಲಿಲ್ಲ, ಮೀನು ಸಾಯುತ್ತಿದ್ದವಲ್ಲ! ಅಪ್ಪ ವಾರಿಂಗ್‌ಟನ್ನನ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ಮೀನು ಉಸಿರಾಡುವುದು ಮಾತ್ರವಲ್ಲ, ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದು ಎಲ್ಲಿಗೆ ಹೋಗುತ್ತದೆ?

ಅಷ್ಟರಲ್ಲಿ ನೀರನ್ನು ಓಡಿಸಿದರೆ ಚೆನ್ನ ಅನ್ನುವುದನ್ನು ವಿಲಿಯಂ ಆಲ್ಫರ್ಡ್ ಲಾಯ್ಡ್ ಅನ್ನುವವನು ಕಂಡುಕೊಂಡಿದ್ದ. 1864ರಲ್ಲಿ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಅವನು ಕಟ್ಟಿದ ಮತ್ಸ್ಯಾಲಯಗಳಲ್ಲಿ ತೊಟ್ಟಿಗಳ ಕೆಳಗೆ ಕತ್ತಲೆಯ ದೊಡ್ಡ ಜಲಾಶಯ, ನೀರು ಹಗಲೂ ರಾತ್ರಿ ಕೆಳಗೆ ಮೇಲೆ ಸುತ್ತುತ್ತಿತ್ತು. ನಮ್ಮ ಕಪಾಟಿನ ಡಬ್ಬದ ಮುತ್ತಜ್ಜ ಇದೇ. ಅಂದ ಹಾಗೆ, ಹ್ಯಾಂಬರ್ಗ್‌ನಲ್ಲಿ ಮೀನಿಗೆ ಇಷ್ಟು ಆರೈಕೆ ನಡೆಯುತ್ತಿದ್ದಾಗ ಊರಿನ ಜನ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದರು. 1892ರ ಕಾಲರಾದಲ್ಲಿ ಸುಮಾರು 8,600 ಜನ ಸತ್ತರು. ಪಕ್ಕದ ಆಲ್ಟೋನಾದವರು ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದು ಬಹುಮಟ್ಟಿಗೆ ಬಚಾವಾದರು.

ಬಿಟ್ಟುಹೋದ ಅಂಕಿ ಸಿಕ್ಕಿದ್ದು ಮೀನಿನಿಂದಲ್ಲ, ಕೊಳಚೆಯಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಒಂದು ಉದ್ದದ ಕೊಳವೆಗೆ ಮರಳು, ಸುಣ್ಣಕಲ್ಲು ತುಂಬಿ ಮೇಲಿನಿಂದ ಕೊಳಚೆ ನೀರು ಹನಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಬರುವ ನೀರಿನಲ್ಲಿ ಅಮೋನಿಯಾ ಕಡಿಮೆಯಾಗಿ ನೈಟ್ರೇಟ್ ಬರಲು ಶುರುವಾಯಿತು. ಮರಳೇ ಈ ಕೆಲಸ ಮಾಡುವುದಾದರೆ ಮೊದಲ ದಿನವೇ ಮಾಡಬೇಕಿತ್ತಲ್ಲ? ಕೊಳವೆಗೆ ಕ್ಲೋರೋಫಾರಂ ಬಿಟ್ಟರು, ಕೆಲಸ ನಿಂತಿತು. ಅದನ್ನು ತೆಗೆದು ಒಂದಿಷ್ಟು ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಕ್ಲೋರೋಫಾರಂಗೆ ಮೂರ್ಛೆ ಹೋಗುವುದು ಜೀವ ಇದ್ದದ್ದು ಮಾತ್ರ.

ಈ ಪ್ರಯೋಗವನ್ನು ಓದಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಹೊಲದ ಮಣ್ಣಿನ ಮೇಲೆ ವರ್ಷಗಟ್ಟಲೆ ಮುಂದುವರಿಸಿದವನ ಹೆಸರು ನೋಡಿ ನಾನು ಕುರ್ಚಿಯಿಂದ ಎದ್ದೆ. ರಾಬರ್ಟ್ ವಾರಿಂಗ್‌ಟನ್! ಅದೇ ಗೋಲ್ಡ್‌ಫಿಶ್ ವಾರಿಂಗ್‌ಟನ್ನನ ಮಗ, ಅಪ್ಪನದೇ ಹೆಸರು. ಅಪ್ಪ ಪಾತ್ರೆಗೆ ಮೀನು ಬಿಟ್ಟಾಗ ಇವನಿಗೆ 11 ವರ್ಷ. ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ, ಒಂದು ಜಾತಿಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ ಅಂತ ತೋರಿಸಿದವನು ಈ ಮಗ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನಿಗೆ ಆಗಲಿಲ್ಲ, ಅದನ್ನು 1890ರ ಹೊತ್ತಿಗೆ ರಷ್ಯಾದ ವಿನೊಗ್ರಾಡ್‌ಸ್ಕಿ ಮಾಡಿದ. ಅಪ್ಪ 1867ರಲ್ಲೇ ತೀರಿಕೊಂಡಿದ್ದ. ಅವನ ತೊಟ್ಟಿಯ ಮರಳಿನಲ್ಲಿ ನಡೆದದ್ದೇನು ಅನ್ನುವುದನ್ನು ಮಗ ಬೇರೆ ದಾರಿಯಲ್ಲಿ, ಗೋಧಿ ಬೆಳೆಯುವ ಹೊಲದಲ್ಲಿ ಕಂಡುಕೊಂಡ.

ಅಲ್ಲಿಗೆ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ನನ್ನ ಡಬ್ಬ ಜರಡಿ ಅಲ್ಲ, ಹೊಲ. ಅದರಲ್ಲಿರುವ ಬೆಳೆ ಉಸಿರಾಡುತ್ತದೆ, ಅದೂ ಸಿಕ್ಕಾಪಟ್ಟೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ನಮ್ಮ ಮುಂಬೈಯ 30 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ನೀರು ಹಿಡಿದಿಡುವುದೇ ಏಳೂವರೆ ಮಿಲಿಗ್ರಾಂ. ಡಬ್ಬದಲ್ಲಿ ನಾಲ್ಕು ಲೀಟರ್ ಇದ್ದರೆ ಒಟ್ಟು ಬಂಡವಾಳ 30 ಮಿಲಿಗ್ರಾಂ. ನೀರು ಓಡುತ್ತಿರುವಾಗ ಹೊಸದು ಬರುತ್ತಲೇ ಇರುತ್ತದೆ. ಮೋಟಾರು ನಿಂತರೆ ಬಾಯಿ ಬಿಗಿದ ಡಬ್ಬಕ್ಕೆ ಗಾಳಿಯ ಬೇರೆ ದಾರಿ ಇಲ್ಲ. ಕೆಲವು ಗಂಟೆಗಳಲ್ಲಿ ಉಸಿರು ಮುಗಿಯುತ್ತದೆ, ಆಮೇಲೆ ಗಾಳಿ ಬೇಡದ ಇನ್ನೊಂದು ಜಾತಿಯವು ಸಾಮ್ರಾಜ್ಯ ನಡೆಸುತ್ತವೆ. ಆ ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು, ಹೈಡ್ರೋಜನ್ ಸಲ್ಫೈಡ್. ಹೆಂಡತಿ ಚೊಂಬಿನಿಂದ ಕಾಪಾಡಿದ ನೀರಿಗೆ ನಾನು ಸ್ವಿಚ್ಚು ಹಾಕಿ ಸುರಿದದ್ದು ಅದನ್ನು.

ಈ ಡಬ್ಬ ನಮ್ಮ ಮನೆಗಳಿಗೆ ಬರುವಂತೆ ಮಾಡಿದ್ದು ಜರ್ಮನಿಯ ಗುಂಥರ್ ಐಹೈಮ್, 1960ರ ದಶಕದಲ್ಲಿ. ಬಾಯಿ ಬಿಗಿದ ಡಬ್ಬದೊಂದಿಗೆ ಈಗ ಇಂಥ ಫಿಲ್ಟರುಗಳಲ್ಲೆಲ್ಲ ಇರುವ ಜಾಣತನ ಮೋಟಾರಿನದು. ನೀರಿನಲ್ಲಿ ತಿರುಗುವ ಚಕ್ರವೇ ಒಂದು ಅಯಸ್ಕಾಂತ, ತಂತಿಯ ಸುರುಳಿ ಗೋಡೆಯ ಆಚೆ ಒಣಗಿಯೇ ಇರುತ್ತದೆ, ನಡುವೆ ನೀರು ಜಿನುಗುವ ರಂಧ್ರವೇ ಇಲ್ಲ. ಡಬ್ಬ ಗರಗರ ಸದ್ದು ಮಾಡಿದರೆ ಮೋಟಾರು ಸುಟ್ಟಿತು ಅಂತ ಹೌಹಾರಬೇಡಿ. ಹತ್ತರಲ್ಲಿ ಎಂಟು ಸಲ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಡಬ್ಬವನ್ನು ಸ್ವಲ್ಪ ವಾಲಿಸಿ ಅಲ್ಲಾಡಿಸಿದರೆ ಗುಳ್ಳೆ ಹೊರಟುಹೋಗುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ ಲೋಳೆ ಉಜ್ಜಿ, ಪಿಂಗಾಣಿಯ ಕಡ್ಡಿ ಮುರಿದಿದೆಯೇ ನೋಡಿ. ನೀರು ಒಸರುವುದು ಸಾಮಾನ್ಯವಾಗಿ ಮುಚ್ಚಳದ ರಬ್ಬರ್ ಬಳೆಯಿಂದ. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ, ಅಡುಗೆ ಎಣ್ಣೆ ಬೇಡ. ನೀರಿನ ಹರಿವು ಕಡಿಮೆಯಾದರೆ ಡಬ್ಬವನ್ನು ಬೈಯುವ ಮೊದಲು ಪೈಪಿನೊಳಗೆ ಬ್ರಶ್ ಆಡಿಸಿ.

ಇವೆಲ್ಲ ಕೈಕೆಲಸ, ಯಾರೂ ಕಲಿಯಬಹುದು. ಮೀನು ಸಾಯುವುದು ಜಾಸ್ತಿ ಸ್ವಚ್ಛತೆಯಿಂದ. ನಮ್ಮಲ್ಲಿ ಕೆಲವರು ಭಾನುವಾರ ಫಿಲ್ಟರು ಬಿಚ್ಚಿ, ಪಿಂಗಾಣಿ ಬಳೆಗಳನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ಹೊಳೆಯುವ ತನಕ ತೊಳೆಯುತ್ತಾರೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದೆ, ಅದನ್ನು ಹಾಕುವುದೇ ಇಂಥ ಜೀವಿಗಳನ್ನು ಕೊಲ್ಲಲಿಕ್ಕೆ. ಶ್ಲೋಸಿಂಗ್ ಕ್ಲೋರೋಫಾರಂನಿಂದ ಮಾಡಿದ್ದನ್ನೇ ಇವರು ಮುನ್ಸಿಪಾಲಿಟಿ ನೀರಿನಿಂದ ಮಾಡುತ್ತಾರೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಜಾಲಾಡಿಸಿದರೆ ಸಾಕು, ಬಳೆ ಕಂದಾಗಿಯೇ ಇರಲಿ. ಸ್ಪಂಜು ಈ ಸಲ, ಬಳೆ ಮುಂದಿನ ಸಲ, ಎರಡನ್ನೂ ಒಟ್ಟಿಗೆ ಮುಟ್ಟಬಾರದು.

ಡಬ್ಬದೊಳಗಿನ ಸಂಸಾರದ ಲೆಕ್ಕ ಇನ್ನೂ ಮುಗಿದಿಲ್ಲ. ನೂರು ವರ್ಷ ಎಲ್ಲರೂ ನೈಟ್ರೋಬ್ಯಾಕ್ಟರ್ ಅಂತ ನಂಬಿದ್ದರು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಅಂತ 1998ರಲ್ಲಿ ಗೊತ್ತಾಯಿತು. ಅಮೋನಿಯಾ ತಿನ್ನುವ ಒಂದು ಆರ್ಕಿಯಾ, ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಸಿಯಾಟಲ್ ಮತ್ಸ್ಯಾಲಯದ ತೊಟ್ಟಿಯ ಜಲ್ಲಿಯಲ್ಲಿ ಸಿಕ್ಕಿತು. ಆ ಸುದ್ದಿ ಅಚ್ಚಾದದ್ದು 2005ರಲ್ಲಿ, ನನ್ನ ಗುಂಡ ಸತ್ತ ವರ್ಷ. 2015ರಲ್ಲಿ ಎರಡೂ ಹಂತವನ್ನು ಒಂದೇ ಜೀವಿ ಮಾಡಬಲ್ಲದು ಅಂತ ತಿಳಿಯಿತು, ಮಗ ವಾರಿಂಗ್‌ಟನ್ ಇದ್ದಿದ್ದರೆ ಬೆಚ್ಚಿಬೀಳುತ್ತಿದ್ದ. ಅದು ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕಣೆಯ ಫಿಲ್ಟರು.

2006ರಲ್ಲಿ ಮಗಳು ಮತ್ತೆ ಹಟ ಹಿಡಿದಳು. ಈಗ ನಮ್ಮಲ್ಲಿ ಆಸ್ಕರ್ ಇಲ್ಲ, ಸಣ್ಣ ಮೀನುಗಳಿವೆ, ಡಬ್ಬ ಮೂರನೆಯದು. ಕರೆಂಟು ಹೋಗಿ ಒಂದೆರಡು ಗಂಟೆ ದಾಟಿತೆಂದರೆ ಎರಡೂ ವಾಲ್ವ್ ಮುಚ್ಚಿ, ಡಬ್ಬದ ಬಾಯಿ ತೆಗೆದು, ಬಳೆಗಳು ಒದ್ದೆಯಾಗಿರುವಷ್ಟು ಮಾತ್ರ ನೀರು ಬಿಟ್ಟು ಗಾಳಿಗೆ ಇಡುತ್ತೇನೆ. ಕರೆಂಟು ಬಂದ ಮೇಲೆ ಹಳೇ ನೀರು ಪೂರ್ತಿ ಚೆಲ್ಲಿ, ಬಳೆಗಳನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಜಾಲಾಡಿಸಿ, ಆಮೇಲೆ ಸ್ವಿಚ್ಚು. ಚೊಂಬಿನ ಕೆಲಸ ಹೆಂಡತಿಯದೇ, ನನಗೆ ಕೊಡುವುದಿಲ್ಲ. ಎರಡು ತಿಂಗಳಿಗೊಮ್ಮೆ ಸ್ಪಂಜು ಹಿಂಡಿದ ಕಂದು ನೀರನ್ನು ಬಾಲ್ಕನಿಯ ಕರಿಬೇವಿಗೆ ಸುರಿಯುತ್ತಾಳೆ. ಕೆಳಗಿನ ಮನೆಯವರು ಒಗ್ಗರಣೆಗೆ ಅಂತ ಅದರ ಎಲೆ ಕೇಳಿಕೊಂಡು ಬರುತ್ತಾರೆ.