ಗಿರಣಿಯ ಬೆಂಕಿ, ಹೊರಕ್ಕೆ ತೆರೆಯುವ ಬಾಗಿಲು

ಹುಕ್ಕೇರಿ ತಾಲ್ಲೂಕಿನ ದಡ್ಡಿಯ ಕಡೆಯಿಂದ ಹರಿದು ಬರುವ ಘಟಪ್ರಭೆ ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಈ ನೀರಿನ ಬಲವನ್ನು ನಂಬಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ಜಲಪಾತದ ಮಗ್ಗುಲಲ್ಲೇ ನೂಲಿನ ಗಿರಣಿ ಆರಂಭವಾಯಿತು. ಪಕ್ಕದಲ್ಲಿ ಹೊಳೆಯೇ ಹರಿಯುತ್ತಿದ್ದರೂ ಹತ್ತಿ ಗಿರಣಿಗೆ ಬೆಂಕಿಯ ಭಯ ತಪ್ಪಿದ್ದಲ್ಲ. ಆ ಕಾಲದಲ್ಲಿ ಜಗತ್ತಿನ ಎಲ್ಲ ನೂಲಿನ ಗಿರಣಿಗಳೂ ಅಂಜುತ್ತಿದ್ದುದು ಬೆಂಕಿಗೇ.

ಇದಕ್ಕೆ ಕಾರಣ ಹತ್ತಿಯ ಗುಣ. ಅಂಡಿಗೆ ಬಿಚ್ಚಿ ಅರಳೆಯನ್ನು ಹಿಂಜುವಾಗ ಅದರಲ್ಲಿ ಸೇರಿದ ಕಲ್ಲಿನ ಹರಳೋ ಕಬ್ಬಿಣದ ಚೂರೋ ಯಂತ್ರದ ಹಲ್ಲಿಗೆ ತಾಗಿದರೆ ಕಿಡಿ ಏಳುತ್ತದೆ. ಗಾಳಿಯಲ್ಲಿ ಹಾರುವ ಹತ್ತಿಯ ಎಳೆಗಳು ತೊಲೆ, ಜಂತಿಗಳ ಮೇಲೆ ದೂಳಿನಂತೆ ಕೂತಿರುತ್ತವೆ. ಉರಿ ಅವುಗಳ ಮೇಲೆ ಓಡುತ್ತ ಕ್ಷಣದಲ್ಲಿ ಕೋಣೆಯ ಆ ತುದಿ ಮುಟ್ಟುತ್ತದೆ. ಬಿಗಿದು ಕಟ್ಟಿದ ಅಂಡಿಗೆಗೆ ಕಿಡಿ ಹೊಕ್ಕರೆ ಹೊರಗೆ ಏನೂ ಕಾಣದಂತೆ ಒಳಗೊಳಗೇ ಗಂಟೆಗಟ್ಟಲೆ ಸುಡುತ್ತದೆ.

ಇದಕ್ಕೆ ಮೊದಲು ಮದ್ದು ಹುಡುಕಿದವರು ಮಾಲೀಕರು ಮತ್ತು ವಿಮಾ ಕಂಪನಿಗಳು. ಅಮೆರಿಕದ ಹೆನ್ರಿ ಪಾರ್ಮಲಿ 1874ರಲ್ಲಿ ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ರೂಪಿಸಿದ. ಫ್ರೆಡರಿಕ್ ಗ್ರಿನೆಲ್ 1881ರಲ್ಲಿ ಅದನ್ನು ಸುಧಾರಿಸಿದ. ಚಾವಣಿಯ ಕೆಳಗೆ ನೀರಿನ ಕೊಳವೆ. ಅದರ ಬಾಯಿಗೆ ಸುಲಭವಾಗಿ ಕರಗುವ ಬೆಸುಗೆಯ ಮುಚ್ಚಳ. ಶಾಖ ಏರಿದರೆ ಬೆಸುಗೆ ಕರಗಿ ನೀರು ಸುರಿಯುತ್ತದೆ. ಜೀವ ಉಳಿಸುವ ಸಾಧನವೇನೋ ಹೌದು. ಆದರೆ ಅದನ್ನು ಗಿರಣಿಗಳಿಗೆ ತಂದದ್ದು ಮುಖ್ಯವಾಗಿ ಕಟ್ಟಡ, ಯಂತ್ರ, ದಾಸ್ತಾನುಗಳ ಚಿಂತೆ.

ಕಟ್ಟಡ ಉಳಿದರೆ ಕೆಲಸಗಾರರೂ ಉಳಿದಂತೆ ಎಂಬ ನಂಬಿಕೆಯನ್ನು ಸುಳ್ಳು ಮಾಡಿದ್ದು ನ್ಯೂಯಾರ್ಕ್‌ನ ದುರಂತ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಬೇರೆ ದೇಶಗಳಿಂದ ದುಡಿಯಲು ಬಂದಿದ್ದ ಹರೆಯದ ಹೆಣ್ಣುಮಕ್ಕಳು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಆ ಕಟ್ಟಡ ಮಾತ್ರ ಇಂದಿಗೂ ನಿಂತಿದೆ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಮಕ್ಕಳ ದುಡಿಮೆಗೆ ಮಿತಿ, ಅಪಾಯದ ಯಂತ್ರಗಳಿಗೆ ಬೇಲಿ, ಇವೇ ಅದರ ಮುಖ್ಯ ಕಾಳಜಿಗಳು. ಸ್ವಾತಂತ್ರ್ಯಾನಂತರದ 1948ರ ಕಾಯ್ದೆಯಾದರೋ ತನ್ನ 38ನೇ ಕಲಮನ್ನು ಬೆಂಕಿಗೆಂದೇ ಮೀಸಲಿಟ್ಟಿತು. ಒಳಗೆ ಜನ ಇರುವಾಗ ಬಾಗಿಲು ಒಳಗಿನಿಂದ ತಕ್ಷಣ ತೆರೆಯುವಂತಿರಬೇಕು. ಜಾರುಬಾಗಿಲು ಅಲ್ಲದಿದ್ದರೆ ಅದು ಹೊರಕ್ಕೇ ತೆರೆಯಬೇಕು. ಪಾರಾಗುವ ದಾರಿಯನ್ನು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಕೆಂಪು ಅಕ್ಷರಗಳಲ್ಲಿ ಬರೆದಿರಬೇಕು ಎಂದು ಅದು ವಿಧಿಸಿತು. ಹೊರಕ್ಕೇ ಏಕೆ? ಗಾಬರಿಯಿಂದ ನುಗ್ಗುವ ಗುಂಪು ಬಾಗಿಲಿಗೆ ಒತ್ತಿ ನಿಲ್ಲುತ್ತದೆ. ಒಳಕ್ಕೆ ತೆರೆಯುವ ಕದವನ್ನು ಆಗ ಯಾರೂ ಎಳೆಯಲಾರರು. ಭಾಷೆಯ ಮಾತೂ ಅಷ್ಟೇ ಅರ್ಥಪೂರ್ಣ. ಕನ್ನಡ, ಮರಾಠಿ ಎರಡೂ ಕೇಳಿಬರುವ ಬೆಳಗಾವಿ ಸೀಮೆಯಲ್ಲಿ ಇಂಗ್ಲಿಷ್ ಫಲಕವೊಂದರಿಂದ ಯಾರಿಗೆ ದಾರಿ ಕಂಡೀತು?

ಕಾಯ್ದೆ ಇದ್ದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ 9 ಮಂದಿ ಸತ್ತರು. ಅಲ್ಲಿ ಉರಿಗಿಂತ ಹೊಗೆ ಹೆಚ್ಚು ಕಾಡಿತು. ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಸತ್ತವರಲ್ಲಿದ್ದರು. 2024ರ ಆಗಸ್ಟ್‌ನಲ್ಲಿ ಬೆಳಗಾವಿ ಹತ್ತಿರದ ನಾವಗೆಯ ಟೇಪ್ ಕಾರ್ಖಾನೆಗೆ ಬೆಂಕಿ ಹೊತ್ತಿದಾಗ ಯುವ ಕಾರ್ಮಿಕನೊಬ್ಬ ಮನೆಗೆ ಮರಳಲಿಲ್ಲ. 1948ರ ಕಾಯ್ದೆಯ ಸ್ಥಾನಕ್ಕೆ ಈಗ 2020ರ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ.

ಕಾಯ್ದೆಯ ಹೆಸರು ಬದಲಾದರೂ ಬೆಂಕಿಯ ಸ್ವಭಾವ ಬದಲಾಗದು. ಕಳ್ಳತನದ ಭಯಕ್ಕೆ ಹಾಕಿದ ಬೀಗ, ಜಾಗ ಸಾಲದೆಂದು ಮೆಟ್ಟಿಲ ಬಳಿ ಒಟ್ಟಿದ ಮೂಟೆ, ಇವು ಆ ಗಳಿಗೆಯವರೆಗೂ ಸಣ್ಣ ಸಂಗತಿಗಳಾಗಿಯೇ ಕಾಣುತ್ತವೆ. ಊರಿನ ಮಗ್ಗುಲಲ್ಲಿ ಜಲಪಾತವೇ ಇದ್ದರೂ ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕವನಿಗೆ ಮೊದಲು ಬೇಕಾಗುವುದು ನೀರಲ್ಲ, ಕೈ ತಾಗಿದೊಡನೆ ತೆರೆದುಕೊಳ್ಳುವ ಬಾಗಿಲು.