ಪ್ರಾಚೀನ ನಾಣ್ಯಗಳೂ ಎಣ್ಣೆಯ ದೀಪಗಳೂ

ಅರಸರ ಚರಿತ್ರೆಯನ್ನು ತಿಳಿಸುವುದಕ್ಕೆ ಗ್ರಂಥಗಳೂ ಶಾಸನಗಳೂ ಇರುವುವು. ಪ್ರಜೆಗಳ ಕೈಯಲ್ಲಿ ದಿನವೂ ಆಡಿದ ನಾಣ್ಯವೂ, ಸಂಜೆಗೆ ಮನೆಯಲ್ಲಿಯೂ ಗುಡಿಯಲ್ಲಿಯೂ ಉರಿದ ದೀಪವೂ ಅವುಗಳಿಗೆ ಕಡಮೆಯಾದ ಸಾಕ್ಷಿಗಳಲ್ಲ. ಹೀಗಿದ್ದರೂ ಹೊಲದಲ್ಲಿ ದೊರೆತ ಹಳೆಯ ಹಣವು ಅಕ್ಕಸಾಲೆಯ ಮೂಸೆಗೂ, ಬಿರುಕುಬಿಟ್ಟ ದೀಪವು ಕಂಚುಗಾರನ ಕುಲುಮೆಗೂ ಹೋಗುವುದು ಶೋಚನೀಯವು. ಕರಗಿದ ಮೇಲೆ ಉಳಿಯುವುದು ಲೋಹದ ತೂಕವೇ ಹೊರತು ಚರಿತ್ರೆಯಲ್ಲ. ಆದಕಾರಣ ಇವುಗಳನ್ನು ಗುರುತಿಸುವ ಕ್ರಮವನ್ನು ಸದ್ಭಕ್ತರಿಗೆ ಸಂಗ್ರಹವಾಗಿ ನಿವೇದಿಸುತ್ತೇವೆ.

ಮುಕ್ತೀಶ್ವರನ ಆಲಯದಿಂದಲೂ, ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದಲೂ ಪ್ರಸಿದ್ಧವಾದ ಮುರುಗಮಲ್ಲವು ಚಿಂತಾಮಣಿ ತಾಲ್ಲೂಕಿನ ಗ್ರಾಮವು. 2007ರವರೆಗೆ ಈ ಸೀಮೆಯು ಕೋಲಾರ ಜಿಲ್ಲೆಗೆ ಸೇರಿದ್ದಿತು. ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಇವರೆಲ್ಲರ ಆಳ್ವಿಕೆಯನ್ನೂ ಈ ನಾಡು ಕಂಡಿರುವುದು. ಆದುದರಿಂದ ಇಲ್ಲಿಯ ಸಂಗ್ರಾಹಕನು ಒಂದೇ ವಂಶದ ಮುದ್ರೆಯನ್ನು ಬಲ್ಲನೆಂದರೆ ಸಾಲದು.

ನಾಣ್ಯಪರೀಕ್ಷೆಗೆ ಲೋಹ, ತೂಕ, ಲಾಂಛನ, ಲಿಪಿ ಎಂಬ ನಾಲ್ಕು ಅಂಗಗಳುಂಟು. ಆನೆಯ ಲಾಂಛನವುಳ್ಳ ಚಿನ್ನದ ನಾಣ್ಯಗಳನ್ನು ಗಂಗರವೆಂದು ಹೇಳುವ ರೂಢಿಯಿದೆ. ಸಿಂಹದ ಲಾಂಛನವೂ ಹಿಂಬದಿಯಲ್ಲಿ ‘ಶ್ರೀ ತಲಕಾಡುಗೊಂಡ’ ಅಥವಾ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಅಕ್ಷರಗಳೂ ಇದ್ದರೆ ಅದು ಹೊಯ್ಸಳ ವಿಷ್ಣುವರ್ಧನನದು. ಅಂಗೈಯಗಲವೂ ಇಲ್ಲದ ಚಿನ್ನದ ತುಣುಕಿನಲ್ಲಿ ಒಂದು ವಿಜಯದ ವೃತ್ತಾಂತವೇ ಅಡಗಿರುವುದು! ಟೀಪು ಸುಲ್ತಾನನ ತಾಮ್ರದ ಕಾಸುಗಳಲ್ಲಿಯೂ ಆನೆಯಿರುವುದರಿಂದ ಲಾಂಛನವೊಂದನ್ನೇ ನಂಬಲಾಗದು. ಇವನು 1787ರಲ್ಲಿ ಹೊಸ ಶಕೆಯನ್ನು ಜಾರಿಗೆ ತಂದು ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದವರು 1215 ಎಂಬ ವರ್ಷವನ್ನು 5121 ಎಂದು ಓದುವರು.

ನಮ್ಮವರು ವಿಶೇಷವಾಗಿ ತಿಳಿಯತಕ್ಕುದು ಇಕ್ಕೇರಿಯ ವರಹದ ಕಥೆಯು. ವೀರಶೈವರಾದ ಕೆಳದಿಯ ಅರಸರು ಒಂದು ಬದಿಯಲ್ಲಿ ಶಿವಪಾರ್ವತಿಯರನ್ನೂ, ಮತ್ತೊಂದು ಬದಿಯಲ್ಲಿ ‘ಶ್ರೀ ಸದಾಶಿವ’ ಎಂಬ ನಾಗರಾಕ್ಷರಗಳನ್ನೂ ಅಚ್ಚೊತ್ತಿಸಿದರು. 1763ರಲ್ಲಿ ಬಿದನೂರನ್ನು ಜಯಿಸಿದ ಹೈದರಲಿಯು ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಹಾಕಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದೇವಮಿಥುನವುಂಟು. ರಾಜ್ಯವು ಕೈ ಬದಲಾಯಿಸಿದರೂ ಪೇಟೆಯ ಜನರ ನಂಬುಗೆಯು ಬದಲಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ನಾಣ್ಯಕ್ಕೂ ದೀಪಕ್ಕೂ ಶಾಸನಗಳಲ್ಲಿ ನಿಕಟವಾದ ಸಂಬಂಧವಿದೆ. ಭಕ್ತರು ನಂದಾದೀವಿಗೆಗಾಗಿ ಗದ್ಯಾಣಗಳನ್ನು ಕೊಡುತ್ತಿದ್ದರು. ಅದರ ಬಡ್ಡಿಯಿಂದ ಎಣ್ಣೆಯು ಒದಗುತ್ತಿದ್ದಿತು. ಗಾಣಗಳ ಆಯವನ್ನು ಬಿಟ್ಟವರೂ ಉಂಟು. ಚೋಳರ ಶಾಸನಗಳಲ್ಲಿ ಒಂದು ದೀಪಕ್ಕೆ 90 ಅಥವಾ 96 ಕುರಿಗಳನ್ನು ಬಿಡುವ ಪದ್ಧತಿ ಕಾಣುವುದು. ಅವುಗಳಿಗೆ ಸಾಯದ, ಮುಪ್ಪಾಗದ ಕುರಿಗಳೆಂದು ಹೆಸರು. ಸತ್ತುದರ ಸ್ಥಳಕ್ಕೆ ಮರಿಯು ಬರುವುದರಿಂದ ಮಂದೆಯು ಕುಂದದು, ತುಪ್ಪವು ತಪ್ಪದು, ದೀಪವು ನಂದದು. ಈ ಜಿಲ್ಲೆಯ ಶಾಸನಗಳನ್ನು ರೈಸ್ ಮಹಾಶಯರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿರುವರು.

ಆದರೆ ದೀಪದ ಕಾಲವನ್ನು ನಿರ್ಣಯಿಸುವುದು ಕಷ್ಟವು. ಅದರ ಮೇಲೆ ಅರಸನ ಹೆಸರಿರುವುದು ಅಪೂರ್ವ. ಮಣ್ಣಿನ ಹಣತೆಯ ಆಕಾರವು ಶತಮಾನಗಳಿಂದಲೂ ಹೆಚ್ಚಾಗಿ ಬದಲಾಗಿಲ್ಲ. ಆದುದರಿಂದ ಯಾವ ಪದರದ ಮಣ್ಣಿನಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ದೊರೆಯಿತೆಂಬುದೇ ಮುಖ್ಯವು. ಕಂಬದ ದೀಪ, ತೂಗುದೀಪಗಳಲ್ಲಿ ಬತ್ತಿಯ ಮೂತಿಯ ಸವೆತ, ಶಿಖರದ ಹಂಸ ಅಥವಾ ನಂದಿಯ ಕೆಲಸ ಇವುಗಳನ್ನು ನೋಡಬೇಕು. ಬರಿಯ ಹಸುರುಕಿಲುಬು ಹಳಮೆಗೆ ಪ್ರಮಾಣವಲ್ಲ. ಹುಳಿಯಿಂದ ಅದನ್ನು ಕೆಲವೇ ದಿನಗಳಲ್ಲಿ ಬರಿಸಬಹುದು.

ಪೂಜೆಯ ದೀಪವನ್ನು ಹುಣಿಸೆಹಣ್ಣಿನಿಂದ ಬೆಳಗುವುದು ಧರ್ಮವು. ನೆಲದಲ್ಲಿ ದೊರೆತುದನ್ನು ಹಾಗೆ ತಿಕ್ಕಿದರೆ ಅಕ್ಷರಗಳೇ ಅಳಿಯುವುವು. ದೊರೆತ ಸ್ಥಳವನ್ನೂ ದಿನವನ್ನೂ ಬರೆದಿಡಬೇಕು. ಯಶವಂತಪುರದಲ್ಲಿ 1891ರಲ್ಲಿ ರೋಮಿನ ಬೆಳ್ಳಿಯ ನಾಣ್ಯಗಳು ದೊರೆತವು. ಸ್ಥಳವು ತಿಳಿದಿರುವುದರಿಂದಲೇ ಅವು ಈ ನಾಡಿನ ಪುರಾತನ ವ್ಯಾಪಾರಕ್ಕೆ ಸಾಕ್ಷಿಯಾಗಿವೆ. ನಿಧಿಯು ಕಂಡಾಗ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾಯಿದೆಯೂ ಹೌದು, ಕರ್ತವ್ಯವೂ ಹೌದು. ಮಠ ಮಂದಿರಗಳಲ್ಲಿರುವ ಹಳೆಯ ದೀಪಗಳಿಗೂ ತೂಕ, ಅಳತೆ, ಬರಹ, ಕೊಟ್ಟವರ ಹೆಸರು ಇವುಗಳನ್ನೊಳಗೊಂಡ ಒಂದು ಪಟ್ಟಿಯಾಗಲಿ. ಹಿರಿಯರು ದೀಪಕ್ಕೆ ಎಣ್ಣೆಯನ್ನು ಶಾಶ್ವತಗೊಳಿಸಿದರು. ಅವರ ನೆನಪನ್ನು ಉಳಿಸುವ ಭಾರವು ನಮ್ಮದು.