ಕುಕ್ಕೆಯಡಿಯ ದೀಪ

ನಮ್ಮೂರಿನ ಚರಿತ್ರೆ ಎಂದೊಡನೆ ನೆನಪಾಗುವುದು ಬೇಕಲದ ಕೋಟೆ, ಕುಂಬಳೆಯ ಅರಸರು, 1956ರ ನವೆಂಬರ್ 1. ಕೋಳಿಮರಿಗೂ ಒಂದು ಚರಿತ್ರೆ ಉಂಟೆಂದರೆ ನೀವು ನಗಬಹುದು. ಆದರೆ ಈ ಗಡಿನಾಡಿನ ಮನೆಗಳಲ್ಲಿ ಹೆಂಗಸರ ಕೈಗೆ ಸ್ವಂತವೆಂದು ಬರುತ್ತಿದ್ದ ನಾಲ್ಕು ಕಾಸು ಬಹುಮಟ್ಟಿಗೆ ಕೋಳಿ ಮತ್ತು ಮೊಟ್ಟೆಯದ್ದು. ಗೇಣಿ ಗಂಡಸರ ಲೆಕ್ಕ, ಅಡಿಕೆ ಗಂಡಸರ ಲೆಕ್ಕ. ಮೊಟ್ಟೆ ಕೊಳ್ಳಲು ಬ್ಯಾರಿಗಳು ಅಂಗಳಕ್ಕೆ ಬಂದರೆ ಮಾತಾಡುತ್ತಿದ್ದವಳು ಮನೆಯ ಯಜಮಾನ್ತಿ. ಮಗುವಿನ ಸ್ಲೇಟು, ಜಾತ್ರೆಯ ಬಳೆ, ದೈವಕ್ಕೆ ಹೇಳಿಕೊಂಡ ಹರಕೆ ಎಲ್ಲವೂ ಅದರಿಂದಲೇ ಆಗಬೇಕು. ಹೀಗಿರುವಾಗ ಹತ್ತು ಮರಿಗಳಲ್ಲಿ ಒಂದು ತಲೆ ಎತ್ತದೆ ಬಿದ್ದರೆ ಅದು ಸಣ್ಣ ವಿಷಯವಾಗಿರಲಿಲ್ಲ.

ಮರಿ ಬಡಕಲಾಗುವುದು ಯಾಕೆ? ಹೇಂಟೆ ಕಾವಿಗೆ ಕೂತ 21ನೆಯ ದಿನ ಮೊಟ್ಟೆ ಒಡೆಯುತ್ತದೆ. ಎಲ್ಲ ಮೊಟ್ಟೆಯೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲು ಬಂದವು ಒಂದು ದಿನ, ಒಂದೂವರೆ ದಿನ ತಾಯಿಯ ರೆಕ್ಕೆಯಡಿ ಕಾಯುತ್ತವೆ. ಆಮೇಲೆ ತಾಯಿ ಅವುಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿಯುತ್ತಾಳೆ. ಹಿಂದುಳಿದದ್ದು ಚಿಪ್ಪಿನೊಳಗೇ ತಣ್ಣಗಾಗುತ್ತದೆ, ಇಲ್ಲವೇ ಒದ್ದೆ ಮೈಯಲ್ಲಿ ಬುಟ್ಟಿಯ ಮೂಲೆಯಲ್ಲಿ ಬಿದ್ದಿರುತ್ತದೆ. ತಾಯಿಗೆ ಒಂದಕ್ಕಿಂತ ಒಂಬತ್ತು ದೊಡ್ಡದು.

ಮೊದಲು ಬಂದ ಮರಿಗಳು ಅಷ್ಟು ಹೊತ್ತು ಹಸಿವಿಲ್ಲದೆ ಕಾಯುವುದು ಹೇಗೆ? ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆ ಬುತ್ತಿ ಎರಡು ಮೂರು ದಿನಕ್ಕೆ ಸಾಕು. ಚಿಪ್ಪಿಗೆ ತೂತು ಬಿದ್ದ ಕೂಡಲೇ ನಾವು ಉಗುರು ಹಾಕಿ ಸುಲಿಯಬಾರದು ಎನ್ನುವುದೂ ಇದಕ್ಕಾಗಿಯೇ. ಹಳದಿ ಒಳಗೆ ಹೋಗಿ ಮುಗಿದಿರುವುದಿಲ್ಲ, ಪೊರೆಯ ರಕ್ತನಾಳಗಳು ಬತ್ತಿರುವುದಿಲ್ಲ. ಎಳೆದರೆ ರಕ್ತ ಬರುತ್ತದೆ. ತೂತು ಬಿದ್ದ ಮೇಲೆ ಅರ್ಧ ದಿನದಿಂದ ಒಂದು ದಿನ ಮರಿ ತಾನೇ ಹೆಣಗಬೇಕು.

ಈ ಎರಡು ಮೂರು ದಿನದ ಬುತ್ತಿಯ ಮೇಲೆ ಮುಂದೆ ಒಂದು ದೊಡ್ಡ ವ್ಯಾಪಾರವೇ ಎದ್ದಿತು. 1892ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸ್ಟಾಕ್ಟನ್ ಎಂಬ ಊರಿನಿಂದ ಜೋಸೆಫ್ ವಿಲ್ಸನ್ ಎಂಬವರು ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಿದರು. 1918ರಲ್ಲಿ ಅಲ್ಲಿನ ಅಂಚೆ ಇಲಾಖೆ ಮರಿಗಳನ್ನು ಟಪಾಲಿನಲ್ಲಿ ಒಯ್ಯಲು ಒಪ್ಪಿತು. ತಡವಾದ ತಮ್ಮನಿಗಾಗಿ ಅಣ್ಣಂದಿರು ಕಾಯಲೆಂದು ಪ್ರಕೃತಿ ಕಟ್ಟಿಕೊಟ್ಟ ಬುತ್ತಿ ಹೀಗೆ ರೈಲು ಹತ್ತಿತು.

ನಮ್ಮಲ್ಲಿ ತಣ್ಣಗಾದ ಮರಿಗೆ ಮಾಡುತ್ತಿದ್ದ ಆರೈಕೆ ಬೇರೆ. ನಮ್ಮ ಅಜ್ಜಿ ಮರಿಯ ಕಾಲನ್ನು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ತಣ್ಣಗಿದ್ದರೆ ಹಳೆ ಪಂಚೆಯ ತುಂಡಿನಲ್ಲಿ ಒರಸಿ, ಬೈಹುಲ್ಲು ಹಾಸಿದ ಕುಕ್ಕೆಯಲ್ಲಿಟ್ಟು ಒಲೆಯ ಬದಿಗೆ ಸರಿಸುವುದು. ಸಂಜೆಯಾದರೆ ಲಾಟೀನು ಹೊತ್ತಿಸಿ ಅದರ ಮೇಲೆ ಇನ್ನೊಂದು ಕುಕ್ಕೆ ಕವುಚಿ, ಮರಿಯನ್ನು ಪಕ್ಕದಲ್ಲಿಡುವುದು. ಈಜಿಪ್ಟಿನಲ್ಲಿ ಸಾವಿರಾರು ಮೊಟ್ಟೆಗಳನ್ನು ಮಣ್ಣಿನ ಒಲೆಗಳಲ್ಲಿ ಒಡೆಸುತ್ತಿದ್ದ ಕೆಲಸಗಾರರು ಮೊಟ್ಟೆಯನ್ನು ಕಣ್ಣೆವೆಗೆ ತಾಗಿಸಿ ಕಾವು ಅಳೆಯುತ್ತಿದ್ದರಂತೆ. ಆ ಒಲೆಗಳ ವಿಷಯವನ್ನು ಫ್ರಾನ್ಸಿನ ವಿಜ್ಞಾನಿ ರೆಯೋಮರ್ 1749ರಲ್ಲಿ ಪುಸ್ತಕವಾಗಿ ಬರೆದರು. ಅಜ್ಜಿಯ ಕೆನ್ನೆಯ ವಿಷಯ ಯಾರೂ ಬರೆಯಲಿಲ್ಲ.

ಮರಿ ಬಿಸಿಯಾಗುವ ತನಕ ಅಜ್ಜಿ ಏನನ್ನೂ ತಿನ್ನಿಸುತ್ತಿರಲಿಲ್ಲ. ಇದು ಸರಿಯಾದ ಕ್ರಮವೇ. ತಣ್ಣಗಾದ ಹೊಟ್ಟೆಗೆ ಆಹಾರ ಜೀರ್ಣವಾಗದು. ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ತಿನಿಸು. ಬೆಲ್ಲದ ಉಗುರುಬೆಚ್ಚನೆಯ ನೀರಿಗೆ ಕೊಕ್ಕಿನ ತುದಿಯನ್ನು ಮಾತ್ರ ಅದ್ದಬೇಕು. ಬಾಯಿ ಬಿಡಿಸಿ ಹೊಯ್ದರೆ ಶ್ವಾಸನಾಳಕ್ಕೆ ಹೋಗಿ ಮರಿ ಕೈಯಲ್ಲೇ ಸಾಯುತ್ತದೆ. ಚೇತರಿಸಿದ ಮರಿಗೆ ಅಕ್ಕಿ ನುಚ್ಚು, ಜತೆಗೆ ಗುಡ್ಡೆಯಿಂದ ಕಿತ್ತು ತಂದ ಗೆದ್ದಲಿನ ಹೆಂಟೆ. ಎಳೆಮರಿಯ ಆಹಾರದಲ್ಲಿ ಶೇಕಡಾ 20ರಷ್ಟು ಸಸಾರಜನಕ ಬೇಕೆಂದು ಪಶುವೈದ್ಯರು ಹೇಳುತ್ತಾರೆ. ಬರೇ ನುಚ್ಚಿನಲ್ಲಿ ಅದರ ಅರ್ಧವೂ ಇಲ್ಲ. ಉಳಿದುದನ್ನು ಆ ಗೆದ್ದಲು ಕೊಡುತ್ತಿತ್ತು. ಎಲ್ಲ ಮದ್ದೂ ಇಷ್ಟು ಒಳ್ಳೆಯದಿರಲಿಲ್ಲ ಎನ್ನಿ. ಒಂದು ದಿನದ ಮರಿಯ ಗಂಟಲಿಗೆ ಕರಿಮೆಣಸು ತುರುಕುವುದನ್ನೂ ನಾನು ನೋಡಿದ್ದೇನೆ. ಬದುಕಿದ ಮರಿ ಮೆಣಸಿನಿಂದ ಬದುಕಿತೋ, ಮೆಣಸಿದ್ದೂ ಬದುಕಿತೋ!

ಇನ್ನು ತಳಿಯ ಕಥೆ. 1920ರ ದಶಕದಲ್ಲಿ ತಿರುವಿದಾಂಕೂರಿನ ಮಾರ್ತಾಂಡದಲ್ಲಿ ವೈ.ಎಂ.ಸಿ.ಎ.ಯ ಗ್ರಾಮೋದ್ಧಾರ ಕೇಂದ್ರವೊಂದು ಶುರುವಾಯಿತು. ಅದರ ಮುಖ್ಯಸ್ಥರು ಅಮೆರಿಕದ ಸ್ಪೆನ್ಸರ್ ಹ್ಯಾಚ್. ಇಂಗ್ಲಿಷಿನಲ್ಲಿ ಹ್ಯಾಚ್ ಎಂದರೆ ಮೊಟ್ಟೆಯೊಡೆಸುವುದೇ. ಹೆಸರಿಗೆ ತಕ್ಕ ಕೆಲಸ. ಅವರು ಬಿಳಿ ಲೆಗಾರ್ನ್ ಹುಂಜಗಳನ್ನು ನಾಡಹೇಂಟೆಗಳ ಜತೆ ಕೂಡಿಸಿ ತಳಿ ಸುಧಾರಿಸಿದರು, ಮೊಟ್ಟೆ ಮಾರಲು ರೈತರನ್ನು ಒಟ್ಟುಗೂಡಿಸಿದರು. ಮಾರ್ತಾಂಡವೂ ನಮ್ಮ ಹಾಗೆ ಗಡಿಯೂರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಮದರಾಸು ರಾಜ್ಯವನ್ನು ಬಿಟ್ಟು ಕೇರಳಕ್ಕೆ ಸೇರಿದ ಅದೇ ದಿನ, ಮಾರ್ತಾಂಡ ಇರುವ ವಿಳವಂಕೋಡು ತಾಲೂಕು ಆ ಕಡೆಯಿಂದ ಮದರಾಸಿಗೆ ಸೇರಿತು.

ಲೆಗಾರ್ನ್ ಮೊಟ್ಟೆ ಹೆಚ್ಚು ಇಡುತ್ತದೆ, ನಿಜ. ಆದರೆ ಹೆಚ್ಚು ಮೊಟ್ಟೆ ಬೇಕೆಂದು ಆರಿಸುತ್ತಾ ಹೋದಾಗ ಕಾವಿಗೆ ಕೂರುವ ಗುಣವೇ ಅದರಲ್ಲಿ ಅಳಿದುಹೋಯಿತು. ಕಾವಿಗೆ ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತಾಳಷ್ಟೆ! ಹಾಗಾಗಿ ಹೊಸ ತಳಿಯ ಮರಿಗೆ ತಾಯಿಯೇ ಇಲ್ಲ. 1980ರ ದಶಕದ ಕೊನೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಗಿರಿರಾಜ ತಳಿ ಬಂತು. ತ್ರಿಶ್ಶೂರಿನ ಮಣ್ಣುತ್ತಿಯಿಂದ ಗ್ರಾಮಲಕ್ಷ್ಮಿ ಬಂತು. ಕಣ್ಣೂರಿನ ಮುಂಡಯಾಡಿನಲ್ಲಿ ಸರಕಾರಿ ಕೋಳಿಸಾಕಣೆ ಕೇಂದ್ರ ಉಂಟು. ಹೀಗೆ ಎರಡೂ ಕಡೆಯಿಂದ ರಟ್ಟಿನ ಪೆಟ್ಟಿಗೆಗಳು ಬರತೊಡಗಿದವು. ಒಂದೊಂದರಲ್ಲಿ ನಾಲ್ಕು ಖಾನೆ, ಖಾನೆಗೆ 25ರಂತೆ 100 ಮರಿ. ಬಸ್ಸಿನಲ್ಲಿ ಬಂದು ಬಳಲಿದ ಮರಿಗೆ ಲಾಟೀನೇ ತಾಯಿಯಾಗಬೇಕಾಯಿತು.

ನಮ್ಮ ಮನೆಗೆ ಮೊದಲ ಪೆಟ್ಟಿಗೆ ಬಂದಾಗ ಜತೆಗಿದ್ದ ಕರಪತ್ರ ಮಲಯಾಳದಲ್ಲಿತ್ತು. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. 35 ಎಂಬ ಅಂಕೆಯೊಂದು ತಿಳಿಯಿತು, ಯಾತರ 35 ಎಂದು ತಿಳಿಯಲಿಲ್ಲ. ಹಗಲಿಗೆ 35 ಸಲ ನೀರು ಕೊಡುವುದೋ ಎಂದು ಅಮ್ಮ ಕೇಳಿದ್ದುಂಟು. ಮರುದಿನ ಬೆಳಿಗ್ಗೆಗೆ 11 ಮರಿ ಸತ್ತಿದ್ದವು. ಆಚೆಮನೆಯ ಬ್ಯಾರ್ತಿ ಬಂದು, ಮಗನಿಂದ ಓದಿಸಿ, ಅದು ಮೊದಲ ವಾರದ ಬಿಸಿ, 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರ ಹತ್ತಿರ ಇಳಿಸಬೇಕು ಎಂದು ತುಳುವಿನಲ್ಲಿ ವಿವರಿಸಿದರು. ಡಿಗ್ರಿ ಅಳೆಯುವ ಸಾಧನ ಯಾರಲ್ಲಿತ್ತು? ಅದಕ್ಕೂ ಅವರೇ ದಾರಿ ಹೇಳಿದರು: "ಮರಿಗಳನ್ನೇ ನೋಡಿ ಅಕ್ಕ. ದೀಪಕ್ಕೆ ಒತ್ತಿ ಮುದ್ದೆಯಾದರೆ ಚಳಿ, ಗೋಡೆಗೆ ಓಡಿ ಬಾಯಿ ಬಿಟ್ಟರೆ ಸೆಕೆ, ಹರಡಿ ಮಲಗಿದರೆ ಸರಿ." ಉಳಿದ ಮರಿಗಳು ಉಳಿದವು.

ಬಿಸಿ ಕೊಟ್ಟು ಉಳಿಸಿದ್ದನ್ನು ರೋಗ ಒಯ್ಯುತ್ತಿದ್ದುದೂ ಉಂಟು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಕಂಡ ಪಿಡುಗು ಸ್ವಲ್ಪದರಲ್ಲೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟು, ನಮ್ಮ ದೇಶದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಕತ್ತು ತಿರುಚಿ ಬೀಳುವ ಕೋಳಿಯನ್ನು ಕಂಡು ನಮ್ಮ ಹಿರಿಯರು ದೈವದ ಮುನಿಸು ಎಂದದ್ದು ಇದನ್ನೇ ಇರಬೇಕು. ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಲಸಿಕೆ ತಯಾರಾಯಿತು. ಆ ಮೊದಲ ಲಸಿಕೆ ಖಾರದ್ದು, ಬೆಳೆದ ಕೋಳಿಗೆ ಸೈ, ಎಳೆಮರಿಗೆ ಅಲ್ಲ. ಎಳೆಯವಕ್ಕೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕುವ ಮೃದುವಾದ ಲಸಿಕೆ ಬೇರೆಯೇ ಇದೆ. ಬಡಕಲು ಮರಿಗೆ ಅದನ್ನೂ ಚೇತರಿಸಿದ ಮೇಲೆ, ವೈದ್ಯರನ್ನು ಕೇಳಿಯೇ ಹಾಕಿಸಬೇಕು.

ಲಾಟೀನಿನ ಬಳಿಕ 60 ವ್ಯಾಟಿನ ಬಲ್ಬು ಬಂತು, ಕೆಲಸ ಹಗುರವಾಯಿತು. ಈಗ ಮನೆಮನೆಯಲ್ಲೂ ಎಲ್.ಇ.ಡಿ. ಬಲ್ಬು. ಇದಕ್ಕೆ ಬೆಳಕುಂಟು, ಮರಿಗೆ ಸಾಲುವ ಬಿಸಿ ಇಲ್ಲ. ರಾತ್ರಿಯಿಡೀ ದೀಪ ಉರಿಸಿಯೂ ಮರಿ ಸತ್ತಿತೆಂದು ಹೇಳುವವರು ಇದನ್ನು ಗಮನಿಸಬೇಕು. ಹಳೆಯ ಮಾದರಿಯ ಬಲ್ಬು ಸಿಗದಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿಡಿ, ಆರಿದಾಗ ಬದಲಿಸಿ. ಲಾಟೀನನ್ನೇ ಇಡುವುದಾದರೆ ಬೈಹುಲ್ಲು ತಾಗದಂತೆ ಹೆಂಚಿನ ಮೇಲಿಡಿ, ಹೊಗೆ ಹೋಗಲು ಕುಕ್ಕೆಯ ಒಂದು ಬದಿಯನ್ನು ಕಲ್ಲಿಟ್ಟು ಎತ್ತಿರಿ. ಕೆಳಗೆ ನುಣುಪಾದ ಕಾಗದ ಹಾಸಬೇಡಿ, ಕಾಲು ಜಾರಿ ಅಗಲವಾದ ಮರಿ ಮತ್ತೆ ನಿಲ್ಲಲು ಕಷ್ಟಪಡುತ್ತದೆ. ಗೋಣಿಯ ತುಂಡು ಸಾಕು. ನೆರೆಮನೆಯಲ್ಲಿ ಮರಿಗಳಿರುವ ನಾಡಹೇಂಟೆ ಇದ್ದರೆ ಇದಾವುದೂ ಬೇಡ. ಕತ್ತಲಾದ ಮೇಲೆ, ಸದ್ದಿಲ್ಲದೆ, ಅವಳ ರೆಕ್ಕೆಯಡಿಗೆ ಸರಿಸಿಬಿಡಿ. ಹೆಚ್ಚಿನ ಹೇಂಟೆಗಳು ಬೆಳಿಗ್ಗೆ ಎದ್ದು ಎಣಿಸುವುದಿಲ್ಲ.